ಅಡಿಗೆರೆ ಅಳಿಸಿದ ಮೇಲೆ

ಹಳೆಯ ಮಾದರಿಯ ಜಿಮ್ಯಾಟ್ ಪರೀಕ್ಷೆ ಕೊನೆಯ ಬಾರಿಗೆ ನಡೆದದ್ದು 2024ರ ಜನವರಿ 31ರಂದು. ಸೆಂಟೆನ್ಸ್ ಕರೆಕ್ಷನ್ ಎಂಬ ಪ್ರಶ್ನೆಯ ಕಥೆಯೂ ಅಂದಿಗೆ ಮುಗಿಯಿತು. ಎಂಬಿಎ ಸೀಟಿನ ಆಸೆಗೆ ಶನಿವಾರ, ಭಾನುವಾರಗಳನ್ನೆಲ್ಲ ಕೋಚಿಂಗ್ ಕ್ಲಾಸಿಗೆ ಒಪ್ಪಿಸಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೆ ಪೀಡೆ ತೊಲಗಿದ ಹಾಗಾಯಿತು. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ ಜ್ಯಾಮಿತಿಯೂ ಇಲ್ಲ, ಪ್ರಬಂಧವೂ ಇಲ್ಲ. ಮೂರು ಗಂಟೆ ದಾಟುತ್ತಿದ್ದ ಪರೀಕ್ಷೆ ಎರಡೂಕಾಲು ಗಂಟೆಗೆ ಇಳಿದಿದೆ. ಇನ್ನು ಮೇಲೆ ಒತ್ತೇನಿದ್ದರೂ ತರ್ಕಕ್ಕೆ, ಡೇಟಾ ಓದುವುದಕ್ಕೆ. ವ್ಯಾಕರಣಕ್ಕೆ ರಜೆ. ಹೊಸದನ್ನು ಹೇಗೆ ಎದುರಿಸಬೇಕು ಎಂಬ ಬಗ್ಗೆ ಬೇಕಾದಷ್ಟು ಸಲಹೆಗಳು ಬಂದವು. ಹೋದದ್ದರಲ್ಲಿ ಹೋಗಬೇಕಾದದ್ದು ಎಷ್ಟು, ಉಳಿಯಬೇಕಾದದ್ದು ಎಷ್ಟು ಎಂದು ಯಾರೂ ಕೂತು ಲೆಕ್ಕ ಹಾಕಿದಂತಿಲ್ಲ. ಆ ಲೆಕ್ಕವನ್ನು ಇಲ್ಲಿ ಹಾಕಲು ಹೊರಟಿದ್ದೇವೆ.

ಪ್ರಶ್ನೆಯ ಸ್ವರೂಪ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಉದ್ದನೆಯ ಇಂಗ್ಲಿಷ್ ವಾಕ್ಯ. ಅದರ ಒಂದು ಭಾಗಕ್ಕೆ, ಕೆಲವೊಮ್ಮೆ ಇಡೀ ವಾಕ್ಯಕ್ಕೆ, ಅಡಿಗೆರೆ. ಕೆಳಗೆ ಐದು ಆಯ್ಕೆ. ಮೊದಲನೆಯದು ಯಾವಾಗಲೂ ಮೂಲದಲ್ಲಿ ಇದ್ದದ್ದೇ. ಅಂದರೆ ವಾಕ್ಯ ಸರಿಯಾಗಿಯೇ ಇರಬಹುದು ಎಂಬ ಅನುಮಾನ ಮೊದಲ ಕ್ಷಣದಿಂದಲೇ ಬೆನ್ನಿಗೆ ಬೀಳುತ್ತಿತ್ತು. ಭಾಷೆಯ ಭಾಗದಲ್ಲಿ 65 ನಿಮಿಷಕ್ಕೆ 36 ಪ್ರಶ್ನೆ, ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಈ ಬಗೆಯದು. ಅಧಿಕೃತ ಗೈಡ್ ತಪ್ಪುಗಳನ್ನು ಎಂಟು ಬಗೆಯಾಗಿ ವಿಂಗಡಿಸಿತ್ತು. ಆ ಎಂಟರಲ್ಲಿ ಒಂದು ಪ್ಯಾರಲಲಿಸಂ. ಸಮಾನಾಂತರ ರಚನೆ ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಅನ್ನಬಹುದು. ಒಂದು ವಾಕ್ಯದಲ್ಲಿ ಎರಡು ಮೂರು ಸಂಗತಿಗಳನ್ನು ಒಂದಕ್ಕೊಂದು ಜೋಡಿಸುವಾಗ ಎಲ್ಲವೂ ಒಂದೇ ವ್ಯಾಕರಣ ರೂಪದಲ್ಲಿರಬೇಕು ಎಂಬುದು ನಿಯಮ.

ಇಂಥ ಪ್ರಶ್ನೆಗಳಿಗೆ ಬೀಳ್ಕೊಡುಗೆ ಜಿಮ್ಯಾಟ್‌ನಿಂದ ಶುರುವಾದದ್ದೇನಲ್ಲ. 1964ರಲ್ಲಿ ಆರಂಭವಾದ ಟೋಫೆಲ್‌ನಲ್ಲಿ ವಾಕ್ಯರಚನೆಗೆಂದೇ ಒಂದು ಭಾಗವಿತ್ತು. 2005ರಲ್ಲಿ ಇಂಟರ್ನೆಟ್ ಮಾದರಿ ಬಂದಾಗ ಅದು ಮಾಯವಾಯಿತು. ಎಸ್ಎಟಿ ಪರೀಕ್ಷೆ 2005ರಿಂದ ಬಿಡಿ ವಾಕ್ಯಗಳನ್ನು ತಿದ್ದಿಸುತ್ತಿತ್ತು, 2016ರಲ್ಲಿ ಕೈಬಿಟ್ಟು ಪ್ಯಾರಾಗಳಿಗೆ ಹೋಯಿತು. ನಮ್ಮ ಐಐಎಂಗಳ ಕ್ಯಾಟ್‌ನಲ್ಲಿ ಸುಮಾರು ಒಂದು ದಶಕದಿಂದ ನೇರ ವ್ಯಾಕರಣದ ಪ್ರಶ್ನೆ ಕಾಣುವುದೇ ಅಪರೂಪ. ಒಬ್ಬೊಬ್ಬರಾಗಿ ಎದ್ದು ಹೋದ ಮನೆಯಲ್ಲಿ ಜಿಮ್ಯಾಟ್ ಕೊನೆಗೆ ದೀಪ ಆರಿಸಿತು, ಅಷ್ಟೆ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಆ ಎಂಟು ಬಗೆಗಳಲ್ಲಿ ಹಲವು ಹೋದದ್ದು ಒಳ್ಳೆಯದೇ ಆಯಿತು. ಪ್ಯಾರಲಲಿಸಂ ಹೋದದ್ದು ನಷ್ಟ. ಅದೂ ಇಂಗ್ಲಿಷ್ ಮನೆಭಾಷೆಯಲ್ಲದವರಿಗೆ ಹೆಚ್ಚಿನ ನಷ್ಟ.

ಕಾರಣ ಸರಳ. ಪರೀಕ್ಷೆಯ ಇಂಗ್ಲಿಷಿನಲ್ಲಿ ಕಿವಿಯಿಂದ ಬರುವ ಉತ್ತರಗಳು ಬೇರೆ, ತಲೆಯಿಂದ ಬರುವ ಉತ್ತರಗಳು ಬೇರೆ. ನುಡಿಗಟ್ಟಿನ ಪ್ರಶ್ನೆಗಳೆಲ್ಲ ಕಿವಿಯವು. 'ರಿಗಾರ್ಡ್' ಆದ ಮೇಲೆ 'ಆಸ್' ಬರಬೇಕು, 'ಕನ್ಸಿಡರ್' ಆದ ಮೇಲೆ ಬರಬಾರದು ಎಂಬುದನ್ನು ಯಾವ ತರ್ಕದಿಂದಲೂ ಕಂಡುಹಿಡಿಯಲಾಗದು. ಮನೆಯಲ್ಲಿ, ಕಾನ್ವೆಂಟಿನಲ್ಲಿ ಕೇಳಿ ಬೆಳೆದವರಿಗೆ ಅದು ತಾನಾಗಿ ಗೊತ್ತು. ಹಾವೇರಿಯ ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ, ಮುಂದೆ ಎಂಜಿನಿಯರಿಂಗ್ ಮಾಡಿದವನು ಪುಟಗಟ್ಟಲೆ ಪಟ್ಟಿ ಬಾಯಿಪಾಠ ಮಾಡಬೇಕು. ಅಲ್ಲಿ ಪರೀಕ್ಷೆ ಅಳೆಯುತ್ತಿದ್ದದ್ದು ಬುದ್ಧಿಯನ್ನಲ್ಲ, ಹುಟ್ಟಿದ ಮನೆಯನ್ನು. ಕೊನೆಕೊನೆಯ ವರ್ಷಗಳಲ್ಲಿ ಅಂಥ ಪ್ರಶ್ನೆಗಳು ಕಡಿಮೆಯಾಗಿ ಅರ್ಥದ ಕಡೆಗೆ ಒಲವು ಹೆಚ್ಚಿತ್ತು ನಿಜ. ಪೂರ್ತಿ ಹೋಗಿರಲಿಲ್ಲ.

ಪ್ಯಾರಲಲಿಸಂನಲ್ಲಿ ಕಿವಿಯ ಆಟ ನಡೆಯದು. ನಡೆಯದಿರುವುದಷ್ಟೇ ಅಲ್ಲ, ಕಿವಿಯನ್ನು ನಂಬಿದವರೇ ಮೊದಲು ಬೀಳುತ್ತಾರೆ. ಆಡುಮಾತಿನ ಇಂಗ್ಲಿಷ್ ಈ ನಿಯಮವನ್ನು ದಿನಕ್ಕೆ ನೂರು ಸಲ ಮುರಿಯುತ್ತದೆ. ಲಂಡನ್ನಿನಲ್ಲೂ ಮುರಿಯುತ್ತದೆ, ನ್ಯೂಯಾರ್ಕಿನಲ್ಲೂ ಮುರಿಯುತ್ತದೆ. ಈ ಒಂದು ಪ್ರಶ್ನೆಯ ಮುಂದೆ ಕಾನ್ವೆಂಟಿನವಳೂ ಹಾವೇರಿಯವನೂ ಒಂದೇ ಗೆರೆಯ ಮೇಲೆ ನಿಲ್ಲುತ್ತಿದ್ದರು.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. 'ದ ಬ್ಯಾಂಕ್ ನಾಟ್ ಓನ್ಲಿ ರೆಡ್ಯೂಸ್ಡ್ ಇಟ್ಸ್ ಇಂಟರೆಸ್ಟ್ ರೇಟ್ಸ್ ಬಟ್ ಆಲ್ಸೊ ಇಟ್ಸ್ ಸರ್ವೀಸ್ ಚಾರ್ಜಸ್.' ಬ್ಯಾಂಕು ಬಡ್ಡಿದರವನ್ನಷ್ಟೇ ಅಲ್ಲ, ಸೇವಾ ಶುಲ್ಕವನ್ನೂ ಇಳಿಸಿತು ಎಂಬುದು ಹೇಳಬೇಕಾದ ವಿಷಯ. ಕೇಳುವುದಕ್ಕೆ ಏನೂ ತೊಂದರೆಯಿಲ್ಲ. ಟಿವಿಯ ಆ್ಯಂಕರ್ ಹೀಗೇ ಓದುತ್ತಾರೆ, ನಮಗೂ ಅರ್ಥವಾಗುತ್ತದೆ. ಈಗ 'ನಾಟ್ ಓನ್ಲಿ' ಆದ ತಕ್ಷಣ ಏನಿದೆ ನೋಡಿ: 'ರೆಡ್ಯೂಸ್ಡ್' ಎಂಬ ಕ್ರಿಯಾಪದ. 'ಬಟ್ ಆಲ್ಸೊ' ಆದ ತಕ್ಷಣ ಏನಿದೆ: ಬರೀ ನಾಮಪದ. ಒಂದು ಕಡೆ ಮಾಡಿದ ಕೆಲಸ, ಇನ್ನೊಂದು ಕಡೆ ಒಂದು ವಸ್ತು. ತಕ್ಕಡಿಯ ಎರಡು ತಟ್ಟೆಗೆ ಎರಡು ಬಗೆಯ ತೂಕ ಬಿದ್ದಿದೆ.

ಸರಿಪಡಿಸಲು ಎರಡು ದಾರಿಯಿದೆ. 'ರೆಡ್ಯೂಸ್ಡ್' ಅನ್ನು 'ನಾಟ್ ಓನ್ಲಿ'ಯ ಹಿಂದಕ್ಕೆ ತಂದರೆ ಎರಡೂ ಕಡೆ ನಾಮಪದ ಉಳಿಯುತ್ತದೆ. ಇಲ್ಲವೇ ಎರಡನೆಯ ಕಡೆಗೂ ಅದರದೇ ಕ್ರಿಯಾಪದ ಕೊಡಬೇಕು. ಬಡ್ಡಿ ಇಳಿಸಿತು, ಶುಲ್ಕ ಮನ್ನಾ ಮಾಡಿತು ಎಂಬ ಹಾಗೆ. ಎರಡೂ ವ್ಯಾಕರಣಕ್ಕೆ ಸರಿ. ಆದರೆ ಅವು ಹೇಳುವ ಸುದ್ದಿ ಒಂದೇ ಅಲ್ಲ. ಮೊದಲನೆಯದರಲ್ಲಿ ಬ್ಯಾಂಕು ಮಾಡಿದ್ದು ಒಂದೇ ಕೆಲಸ, ಎರಡು ಬಾಬ್ತಿನ ಮೇಲೆ. ಎರಡನೆಯದರಲ್ಲಿ ಎರಡು ಕೆಲಸ. ಯಾವುದು ನಡೆದದ್ದು ಎಂದು ವಾಕ್ಯದ ಉಳಿದ ಭಾಗ ಓದಿಯೇ ತೀರ್ಮಾನಿಸಬೇಕು. ವ್ಯಾಕರಣದ ಪ್ರಶ್ನೆ ಎಂದು ಕೂತವನು ತನಗೆ ಗೊತ್ತಿಲ್ಲದೆ ತರ್ಕದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದ. ಪರೀಕ್ಷೆಯ ಹೊಸ ರೂಪ ಯಾವ ತರ್ಕಕ್ಕೆ ಜಾಗ ಮಾಡಿಕೊಡಲು ಇದನ್ನು ತೆಗೆಯಿತೋ ಅದೇ ತರ್ಕ.

ಇದೇ ವಿಷಯವನ್ನು ಕನ್ನಡದಲ್ಲಿ ಹೇಳುವಾಗ ನಾವು ಎಡವುವುದೇ ಇಲ್ಲ. 'ಬಡ್ಡಿದರವನ್ನಷ್ಟೇ ಅಲ್ಲ, ಶುಲ್ಕವನ್ನೂ.' ಯಾವುದಕ್ಕೆ ಯಾವುದು ಜೊತೆ ಎಂಬ ಗುರುತು ಆಯಾ ಪದದ ಬಾಲಕ್ಕೇ ಅಂಟಿಕೊಂಡಿದೆ. ಇಲ್ಲೂ ದ್ವಿತೀಯಾ ವಿಭಕ್ತಿ, ಅಲ್ಲೂ ದ್ವಿತೀಯಾ ವಿಭಕ್ತಿ. ಪದಗಳನ್ನು ಹಿಂದೆ ಮುಂದೆ ಮಾಡಿದರೂ ಜೋಡಿ ಬಿಟ್ಟುಹೋಗದು. ಇಂಗ್ಲಿಷಿಗೆ ಅಂಥ ಬಾಲಗಳಿಲ್ಲ. ಅದಕ್ಕಿರುವುದು ಜಾಗ ಮಾತ್ರ. ಪದ ಎಲ್ಲಿ ನಿಂತಿದೆ ಎಂಬುದರ ಮೇಲೆ ಅದರ ಜೊತೆಗಾರ ಯಾರೆಂಬುದು ತೀರ್ಮಾನವಾಗುತ್ತದೆ. ಇಷ್ಟನ್ನು ಮೊದಲ ದಿನವೇ ಹೇಳಿಕೊಟ್ಟಿದ್ದರೆ ಕನ್ನಡ ಮಾಧ್ಯಮದಿಂದ ಬಂದವರು ಅರ್ಧ ದಾರಿ ಕ್ರಮಿಸಿದಂತೆಯೇ ಇತ್ತು. ನಮ್ಮ ಕ್ಲಾಸುಗಳಲ್ಲಿ ಆ ಕೆಲಸ ಆಗಲಿಲ್ಲ. ಅಮೆರಿಕದ ಮಕ್ಕಳಿಗೆಂದು ತಯಾರಾದ ನೋಟ್ಸನ್ನು ಜೆರಾಕ್ಸ್ ಮಾಡಿ ಹಂಚಲಾಯಿತು. ಅಮೆರಿಕದ ವಿದ್ಯಾರ್ಥಿ ಯಾವ ತಪ್ಪು ಮಾಡುತ್ತಾನೋ ಅದಕ್ಕೆ ಮದ್ದು ಅದರಲ್ಲಿತ್ತು. ನಾವು ಮಾಡುವ ತಪ್ಪು ಬೇರೆ.

ನಾವು ಮಾಡುವ ತಪ್ಪು ಯಾವುದು? ಕನ್ನಡ ವಾಕ್ಯಕ್ಕೆ ಪೂರ್ಣ ಕ್ರಿಯಾಪದ ಸಾಮಾನ್ಯವಾಗಿ ಒಂದೇ, ಅದೂ ಕೊನೆಯಲ್ಲಿ. 'ಅವಳು ಬೆಳಿಗ್ಗೆ ಎದ್ದು, ನೀರು ತಂದು, ಅಡುಗೆ ಮಾಡಿಟ್ಟು ಕಾಲೇಜಿಗೆ ಹೊರಟಳು.' ಎದ್ದು, ತಂದು, ಮಾಡಿಟ್ಟು, ಇವೆಲ್ಲ ಅಪೂರ್ಣ ರೂಪಗಳು. ಹೊರಟಳು ಎಂಬುದೊಂದೇ ಪೂರ್ಣ. ಅಂದರೆ ಮೊದಲ ಮೂರು ಒಂದು ರೂಪ, ಕೊನೆಯದು ಬೇರೆ ರೂಪ ಎಂಬುದೇ ನಮ್ಮ ಮನಸ್ಸಿಗೆ ಸಹಜವಾದ ನಡೆ. ಇಂಗ್ಲಿಷಿಗೆ ಬಂದಾಗ ಅದೇ ನಡೆಯಲ್ಲಿ ಮೊದಲ ಮೂರಕ್ಕೆ 'ಇಂಗ್' ಹಚ್ಚಿ ನಾಲ್ಕನೆಯದಕ್ಕೆ ಭೂತಕಾಲ ಕೊಟ್ಟು 'ಅಂಡ್'ನಿಂದ ಕಟ್ಟಿಬಿಡುತ್ತೇವೆ. ಇಂಗ್ಲಿಷ್ ಮೇಷ್ಟರಿಗೆ ಅದು ಅಜಾಗರೂಕತೆಯಾಗಿ ಕಾಣುತ್ತದೆ. ಅದು ಅಜಾಗರೂಕತೆಯಲ್ಲ, ಇನ್ನೊಂದು ವ್ಯಾಕರಣದ ಶಿಸ್ತು.

ಹೋಲಿಕೆಯ ವಾಕ್ಯಗಳ ಕಥೆಯೂ ಹೀಗೇ. 'ಮೈಸೂರಿನ ರಸ್ತೆಗಳು ಬೆಂಗಳೂರಿಗಿಂತ ಅಗಲ' ಎಂದರೆ ಯಾವ ಕನ್ನಡಿಗನೂ ತಕರಾರು ತೆಗೆಯುವುದಿಲ್ಲ. 'ಬೆಂಗಳೂರಿನವಕ್ಕಿಂತ' ಎಂದು ತಿದ್ದಿದರೆ ತಿದ್ದಿದವನನ್ನೇ ವಿಚಿತ್ರವಾಗಿ ನೋಡುತ್ತೇವೆ. ಜಿಮ್ಯಾಟ್ ಮಾತ್ರ ಪಟ್ಟು ಬಿಡುತ್ತಿರಲಿಲ್ಲ: ರಸ್ತೆಯನ್ನು ರಸ್ತೆಗೆ ಹೋಲಿಸು, ಊರಿಗಲ್ಲ. 'ದೋಸ್ ಆಫ್' ಎಂಬ ಆ ಎರಡು ಪದಗಳ ಹೆಚ್ಚುವರಿ ಬಾಡಿಗೆ ಕಟ್ಟಲೇಬೇಕು. ನಮಗೆ ಇದು ಅತಿಯಾದ ಶಿಸ್ತು ಎಂದೇ ಅನಿಸಿತ್ತು, ಈಗಲೂ ಕೊಂಚ ಹಾಗೇ ಅನಿಸುತ್ತದೆ. ಓದುವವನಿಗೆ ಸಂದೇಹವೇ ಬಾರದ ಕಡೆ ಸಂದೇಹ ನಿವಾರಿಸುವುದು ವ್ಯರ್ಥ ಶ್ರಮ.

ಸಂದೇಹ ಬರುವ ಕಡೆ ಮಾತು ಬೇರೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆ ಈ ಉದಾಹರಣೆ ಚೆನ್ನಾಗಿ ಹಿಡಿಸುತ್ತದೆ. ಸಚಿವರೊಬ್ಬರು ಏನೋ ಹೇಳಿದ್ದಾರೆ. ಇಂಗ್ಲಿಷ್ ವರದಿ ಹೀಗಿದೆ: 'ದ ಮಿನಿಸ್ಟರ್ ಸೆಡ್ ದಟ್ ಪ್ರೈಸಸ್ ಹ್ಯಾಡ್ ಫಾಲನ್ ಅಂಡ್ ಫಾರ್ಮರ್ಸ್ ವರ್ ಆ್ಯಂಗ್ರಿ.' ಬೆಲೆ ಕುಸಿದಿದೆ ಎಂದವರು ಸಚಿವರು, ಸರಿ. ರೈತರು ಸಿಟ್ಟಾಗಿದ್ದಾರೆ ಎಂದವರು ಯಾರು? ಸಚಿವರೇ? ವರದಿಗಾರನೇ? 'ಅಂಡ್' ಆದ ಮೇಲೆ ಇನ್ನೊಂದು 'ದಟ್' ಹಾಕಿದರೆ ಎರಡೂ ಸಚಿವರ ತಲೆಗೆ. ಹಾಕದಿದ್ದರೆ ಎರಡನೆಯದು ವರದಿಗಾರನ ಸ್ವಂತ ಮಾತು ಎಂದೂ ಓದಬಹುದು. ನಾಲ್ಕು ಅಕ್ಷರದ ಒಂದು ಪದ ಯಾವ ಮಾತಿಗೆ ಯಾರು ಹೊಣೆ ಎಂಬುದನ್ನು ತೀರ್ಮಾನಿಸುತ್ತಿದೆ. ಕನ್ನಡದಲ್ಲಿ 'ಎಂದು' ಕೊನೆಗೆ ಬರುವುದರಿಂದ ನಮ್ಮ ತೊಡಕು ತಿರುಗುಮುರುಗು: ಮಾತು ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತದೆ, ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ. ಹಾಗಾಗಿಯೇ ಸಭೆ ಸಮಾರಂಭದ ವರದಿಗಳಲ್ಲಿ ಭಾಷಣಕಾರನ ಮಾತೂ ವರದಿಗಾರನ ಮಾತೂ ಅಷ್ಟು ಸುಲಭವಾಗಿ ಕಲಸಿಹೋಗುವುದು.

ಈ ನಿಯಮಕ್ಕೆ ಬೆಲೆ ಎಷ್ಟು ಎಂದು ಡಾಲರಿನಲ್ಲೇ ಲೆಕ್ಕ ಸಿಕ್ಕಿದ್ದು ಅಮೆರಿಕದ ಮೇನ್ ರಾಜ್ಯದಲ್ಲಿ. ಅಲ್ಲಿ ಓಕ್‌ಹರ್ಸ್ಟ್ ಡೈರಿ ಎಂಬ ಹಾಲಿನ ಕಂಪನಿ ಇದೆ. ಹಾಲು ಸಾಗಿಸುವ ಡ್ರೈವರುಗಳು ತಮಗೆ ಓವರ್‌ಟೈಮ್ ಕೊಡುತ್ತಿಲ್ಲ ಎಂದು ಕೋರ್ಟಿಗೆ ಹೋದರು. ಬೇಗ ಕೆಡುವ ಆಹಾರಕ್ಕೆ ಸಂಬಂಧಿಸಿದ ಕೆಲವು ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಎಂದು ರಾಜ್ಯದ ಕಾನೂನಿನಲ್ಲಿತ್ತು. ಆ ಕೆಲಸಗಳ ಪಟ್ಟಿ: ಕ್ಯಾನಿಂಗ್, ಪ್ರಾಸೆಸಿಂಗ್, ಪ್ರಿಸರ್ವಿಂಗ್, ಫ್ರೀಜಿಂಗ್, ಡ್ರೈಯಿಂಗ್, ಮಾರ್ಕೆಟಿಂಗ್, ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್. ಕಂಪನಿ ಹೇಳಿತು: ಡಿಸ್ಟ್ರಿಬ್ಯೂಷನ್ ಅಂದರೆ ವಿತರಣೆ, ಅದು ಪಟ್ಟಿಯ ಕೊನೆಯ ಕೆಲಸ, ಡ್ರೈವರು ಮಾಡುವುದು ಅದೇ, ಆದ್ದರಿಂದ ಓವರ್‌ಟೈಮ್ ಇಲ್ಲ. ಡ್ರೈವರುಗಳ ವಕೀಲರು ಹೇಳಿದ್ದು: ವಿತರಣೆ ಇಲ್ಲಿ ಪ್ರತ್ಯೇಕ ಕೆಲಸವೇ ಅಲ್ಲ, 'ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವುದು' ಎಂಬುದು ಒಂದು ಕೆಲಸ, ಡ್ರೈವರು ಪ್ಯಾಕ್ ಮಾಡುವುದಿಲ್ಲ.

ಈ ಪ್ರಕರಣ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಒಂದು ಅಲ್ಪವಿರಾಮದ ಕಥೆಯಾಗಿ ಹರಡಿತು. 'ಆರ್' ಹಿಂದೆ ಒಂದು ಕಾಮಾ ಇದ್ದಿದ್ದರೆ ಕೇಸೇ ಇರುತ್ತಿರಲಿಲ್ಲ ಎಂಬುದು ನಿಜ. ಆದರೆ ಕೀರ್ತಿಯೆಲ್ಲ ಕಾಮಾಕ್ಕೆ ಹೋದದ್ದು ಅನ್ಯಾಯ. ಡ್ರೈವರುಗಳ ವಾದಕ್ಕೆ ಬಲ ಕೊಟ್ಟದ್ದು ಪ್ಯಾರಲಲಿಸಂ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಪ್ರತಿಯೊಂದು ಕೆಲಸವೂ 'ಇಂಗ್'ನಿಂದ ಮುಗಿಯುತ್ತದೆ. ಶಿಪ್‌ಮೆಂಟ್, ಡಿಸ್ಟ್ರಿಬ್ಯೂಷನ್ ಎರಡು ಮಾತ್ರ ಮುಗಿಯುವುದಿಲ್ಲ. ಅಂದಮೇಲೆ ಆ ಎರಡೂ ಒಂದಕ್ಕೊಂದು ಜೊತೆ, ಪ್ಯಾಕಿಂಗಿನ ಅಧೀನ. ಉಳಿದ ಕೆಲಸಗಳ ಸಾಲಿನಲ್ಲಿ ಅವು ನಿಲ್ಲುವುದಿಲ್ಲ. ಕಂಪನಿಯ ಬಳಿಯೂ ಉತ್ತರವಿತ್ತು: ಪ್ಯಾಕಿಂಗೇ ಕೊನೆಯ ಕೆಲಸವಾದರೆ ಅದರ ಹಿಂದೆ 'ಆರ್' ಎಲ್ಲಿ? ಜಿಮ್ಯಾಟಿನ ಐದು ಆಯ್ಕೆಗಳಲ್ಲಿ ಕೊನೆಗೆ ಎರಡು ಉಳಿದು ಬೆವರಿಳಿಸುವ ಸ್ಥಿತಿ, ನ್ಯಾಯಪೀಠದ ಮುಂದೆ. 2017ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಪರವಾಗಿ ನ್ಯಾಯಾಧೀಶ ಡೇವಿಡ್ ಬ್ಯಾರನ್ ಬರೆದ ತೀರ್ಪು, ವಾಕ್ಯ ಸಂದಿಗ್ಧವಾಗಿದೆ ಎಂದಿತು. ಸಂದಿಗ್ಧವಾದಾಗ ಕಾರ್ಮಿಕನಿಗೆ ಅನುಕೂಲವಾಗುವಂತೆ ಓದಬೇಕು ಎಂದಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ರಾಜ್ಯದ ಶಾಸನಸಭೆ ಕಾನೂನನ್ನೇ ತಿದ್ದಿತ್ತು. ಕಾಮಾಗಳ ಜಾಗದಲ್ಲಿ ಅರ್ಧವಿರಾಮಗಳು ಬಂದವು, 'ಡಿಸ್ಟ್ರಿಬ್ಯೂಷನ್' ಹೋಗಿ 'ಡಿಸ್ಟ್ರಿಬ್ಯೂಟಿಂಗ್' ಆಯಿತು. ಶಾಸನಸಭೆಯೇ ಕೂತು ಸೆಂಟೆನ್ಸ್ ಕರೆಕ್ಷನ್ ಮಾಡಿದ ಹಾಗೆ.

ಇದನ್ನು ಓದಿ ಪ್ಯಾರಲಲಿಸಂ ಇಂಗ್ಲಿಷಿನ ಸ್ವತ್ತು ಎಂದುಕೊಳ್ಳಬೇಕಿಲ್ಲ. ಕಾಶ್ಮೀರದ ಮಹಿಮಭಟ್ಟ 11ನೇ ಶತಮಾನದಲ್ಲಿ ಬರೆದ 'ವ್ಯಕ್ತಿವಿವೇಕ'ದಲ್ಲಿ ಐದು ದೋಷಗಳನ್ನು ಚರ್ಚಿಸುತ್ತಾನೆ, ಅವುಗಳಲ್ಲೊಂದು ಪ್ರಕ್ರಮಭೇದ. ಒಂದು ರೂಪದಲ್ಲಿ ಆರಂಭಿಸಿದ್ದನ್ನು ನಡುವೆ ಇನ್ನೊಂದು ರೂಪಕ್ಕೆ ಹೊರಳಿಸುವುದು. ಮಮ್ಮಟನ 'ಕಾವ್ಯಪ್ರಕಾಶ'ದ ದೋಷಪ್ರಕರಣದಲ್ಲಿ ಇದೇ ಭಗ್ನಪ್ರಕ್ರಮ ಎಂಬ ಹೆಸರಿನಲ್ಲಿ ಕೂತಿದೆ. ಕನ್ನಡ ಎಂಎ ತರಗತಿಯಲ್ಲಿ ಕಾವ್ಯಮೀಮಾಂಸೆ ಓದಿದವರೆಲ್ಲ ಮಹಿಮಭಟ್ಟನನ್ನು ಧ್ವನಿ ಸಿದ್ಧಾಂತದ ಎದುರಾಳಿ ಎಂದಷ್ಟೇ ನೆನಪಿಟ್ಟುಕೊಂಡಿದ್ದಾರೆ. ಕಾಳಿದಾಸನ ಪದ್ಯಗಳಲ್ಲೂ ತಪ್ಪು ಎತ್ತಿ ತೋರಿಸಿದ ಈ ಮನುಷ್ಯನಷ್ಟು ಒಳ್ಳೆಯ ಸೆಂಟೆನ್ಸ್ ಕರೆಕ್ಷನ್ ಮೇಷ್ಟರು ಸಿಗುವುದು ಕಷ್ಟ. ಅವನ ಯೋಚನೆ ನಮ್ಮ ಪರೀಕ್ಷೆಯದೇ: ರೂಪ ಬದಲಾದರೆ ಅರ್ಥವೂ ಬದಲಾಯಿತೇನೋ ಎಂದು ಓದುಗ ತಡವರಿಸುತ್ತಾನೆ.

ಇಂಗ್ಲೆಂಡಿನಲ್ಲಿಯೂ ವಿಷಯ ಕಾವ್ಯದಿಂದಲೇ ಆರಂಭವಾಯಿತು. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದ ರಾಬರ್ಟ್ ಲೌತ್ 1753ರಲ್ಲಿ ಪ್ರಕಟಿಸಿದ ಲ್ಯಾಟಿನ್ ಉಪನ್ಯಾಸಗಳಲ್ಲಿ ಹೀಬ್ರೂ ಕಾವ್ಯದ ಸಾಲುಗಳು ಒಂದಕ್ಕೊಂದು ಸಮಾನಾಂತರವಾಗಿ ನಡೆಯುವ ಬಗೆಯನ್ನು ವಿವರಿಸಿ ಅದಕ್ಕೆ ಹೆಸರಿಟ್ಟ. ಅದೇ ಲೌತ್ 1762ರಲ್ಲಿ ಒಂದು ಪುಟ್ಟ ಇಂಗ್ಲಿಷ್ ವ್ಯಾಕರಣ ಬರೆದ. ದೊಡ್ಡ ಲೇಖಕರ ವಾಕ್ಯಗಳಲ್ಲಿ ತಪ್ಪು ಹುಡುಕಿ ಅಡಿಟಿಪ್ಪಣಿಯಲ್ಲಿ ತೋರಿಸುವ ಚಾಳಿ ಅವನಿಗೂ ಇತ್ತು. ಮುಂದೆ ಲಂಡನ್ನಿನ ಬಿಷಪ್ ಆದ. ಕಾವ್ಯದ ಲಯವೂ ಶಾಲೆಯ ಬೆತ್ತವೂ ಒಬ್ಬನೇ ಮನುಷ್ಯನ ಕೈಯಲ್ಲಿದ್ದವು.

ಹೊಗಳಿಕೆ ಇಷ್ಟು ಸಾಕು. ಪ್ರಶ್ನೆಯ ಕೆಡುಕುಗಳನ್ನೂ ಬರೆದಿಡಬೇಕು. ಕೋಚಿಂಗ್ ಉದ್ಯಮ ಇದನ್ನು ವಾಕ್ಯ ಓದದೆಯೇ ಉತ್ತರಿಸುವ ವಿದ್ಯೆಯಾಗಿ ಮಾಡಿತ್ತು. ಐದು ಆಯ್ಕೆಗಳ ಮೊದಲ ಪದಗಳನ್ನು ಮೇಲಿಂದ ಕೆಳಕ್ಕೆ ನೋಡು, ಮೂರು ಒಂದು ಕಡೆ ಎರಡು ಇನ್ನೊಂದು ಕಡೆ ಒಡೆಯುತ್ತವೆ, ಎರಡನ್ನು ಹೊಡೆದುಹಾಕು, ಮುಂದಕ್ಕೆ ಹೋಗು. ಹೀಗೆ ಕಲಿತವರು ಒಳ್ಳೆಯ ಅಂಕ ತಗೊಂಡು, ಆಫೀಸಿನಲ್ಲಿ ಒಂದು ಇಮೇಲ್ ಬರೆಯಲು ಕೂತಾಗ ಮತ್ತೆ ಅದೇ ತಪ್ಪು ಮಾಡುತ್ತಿದ್ದರು. ಬಿಸಿನೆಸ್ ಸ್ಕೂಲಿನಿಂದ ಹೊರಬಂದವರು ಜೀವನವಿಡೀ ಬರೆಯುವುದು ಬುಲೆಟ್ ಪಾಯಿಂಟುಗಳನ್ನೇ. ಯಾವುದೇ ಕಂಪನಿಯ ಸ್ಲೈಡ್ ತೆಗೆದು ನೋಡಿ: ಮೊದಲ ಬುಲೆಟ್ ಕ್ರಿಯಾಪದದಿಂದ ಶುರು, ಎರಡನೆಯದು ಬರೀ ನಾಮಪದ, ಮೂರನೆಯದು ಪೂರ್ತಿ ವಾಕ್ಯ. ಪರೀಕ್ಷೆ ಕಲಿಸಿದ್ದು ಪರೀಕ್ಷಾ ಕೊಠಡಿಯಲ್ಲೇ ಉಳಿದಿತ್ತು.

ಇನ್ನೊಂದು ದೋಷ ಎಲ್ಲವನ್ನೂ ಒಂದೇ ಅಚ್ಚಿಗೆ ಒತ್ತುವ ಗೀಳು. 'ಅಂಡ್' ಕಂಡ ಕೂಡಲೇ ಎಡಬಲ ಸಮ ಮಾಡುವ ಆತುರದಲ್ಲಿ, ಸಮವಲ್ಲದ್ದನ್ನೂ ಸಮ ಮಾಡಿಬಿಡುತ್ತಿದ್ದರು. ಪ್ರವಾಹ ಬಂತು, ಸೇತುವೆ ಕೊಚ್ಚಿಹೋಯಿತು, ಹಳ್ಳಿಗಳ ಸಂಪರ್ಕ ಕಡಿಯಿತು. ಇವು ಮೂರು ಬಿಡಿ ಘಟನೆಗಳಲ್ಲ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಪೂರ್ಣ ಕ್ರಿಯಾಪದ ಕೊಟ್ಟು ಉಳಿದ ಎರಡನ್ನು 'ಇಂಗ್' ರೂಪದಲ್ಲಿ ತೂಗುಹಾಕಿದರೆ ಕಾರಣ, ಪರಿಣಾಮದ ಸಂಬಂಧ ಉಳಿಯುತ್ತದೆ. ಮೂರನ್ನೂ ಸಾಲಾಗಿ ನಿಲ್ಲಿಸಿದರೆ ಬರೀ ಪಟ್ಟಿ. ಒಳ್ಳೆಯ ಪ್ರಶ್ನೆಗಳು ಈ ಗೀಳನ್ನೇ ಬೇಟೆಯಾಡುತ್ತಿದ್ದವು. ಆಯ್ಕೆಗಳಲ್ಲಿ ಅತಿ ಅಚ್ಚುಕಟ್ಟಾಗಿ ಕಾಣುವುದೇ ತಪ್ಪು ಉತ್ತರವಾಗಿರುತ್ತಿತ್ತು. ಕ್ಲಾಸಿನಲ್ಲಿ ಅಂಥ ಪ್ರಶ್ನೆ ಬಂದ ದಿನ ಮೇಷ್ಟರಿಗೂ ಸುಲಭವಿರಲಿಲ್ಲ. ಬಂದು, ಹೋಗಿ, ಕಡಿದು ಎಂದು ಒಂದರಿಂದ ಇನ್ನೊಂದಕ್ಕೆ ಇಳಿಜಾರು ಕಟ್ಟುವುದನ್ನು ಬಾಲ್ಯದಿಂದ ಬಲ್ಲ ಕನ್ನಡದ ಮಕ್ಕಳು ಇಲ್ಲಿ ಮುಂದಿರಬೇಕಿತ್ತು. 'ಎಲ್ಲಕ್ಕೂ ಒಂದೇ ರೂಪ' ಎಂಬ ಸೂತ್ರವನ್ನು ಅವರ ತಲೆಗೆ ತುಂಬಿ ಆ ಅನುಕೂಲವನ್ನೂ ಕಿತ್ತುಕೊಂಡೆವು.

ಈಗ ಉಳಿದಿರುವುದು ಏನು? ವಿದೇಶದ ಕಡೆ ಎಸಿಟಿ ಪರೀಕ್ಷೆಯಲ್ಲಿ ಅಡಿಗೆರೆ ಇನ್ನೂ ಇದೆ, ಪ್ಯಾರಾದ ಒಳಗೆ. ನಮ್ಮಲ್ಲಿ ಬ್ಯಾಂಕ್ ನೇಮಕಾತಿ ಪರೀಕ್ಷೆಗಳಲ್ಲಿದೆ, ಎಸ್ಎಸ್‌ಸಿ ಪರೀಕ್ಷೆಗಳಲ್ಲಿದೆ. ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂಬ ತೀರ್ಮಾನ 2021ರಲ್ಲಿ ಆಯಿತು. ಅದು ದೊಡ್ಡ ಹೆಜ್ಜೆಯೇ. ಆದರೆ ಇಂಗ್ಲಿಷ್ ಭಾಗ ಹಾಗೇ ಇದೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು, ಬೆಳಿಗ್ಗೆ ಆರಕ್ಕೆ ಲೈಬ್ರರಿಯಲ್ಲಿ ಕುರ್ಚಿ ಹಿಡಿಯುವ ಹುಡುಗ ಹುಡುಗಿಯರು ಗಣಿತ, ರೀಸನಿಂಗ್ ಎಷ್ಟೇ ಗಟ್ಟಿ ಮಾಡಿಕೊಂಡರೂ ಕೊನೆಗೆ ಹೆದರುವುದು ಆ ಭಾಗಕ್ಕೇ.

ಅಲ್ಲಿ ಕೇಳುವ ರೀತಿ ಮಾತ್ರ ಬಡವಾಗಿದೆ. ವಾಕ್ಯವನ್ನು ನಾಲ್ಕು ತುಂಡು ಮಾಡಿ ತಪ್ಪಿರುವ ತುಂಡನ್ನು ಗುರುತಿಸು ಎನ್ನುತ್ತಾರೆ. ಐದನೆಯ ಆಯ್ಕೆ 'ನೋ ಎರರ್'. ಹೆಚ್ಚಿನವು 'ಈಸ್' ಜಾಗದಲ್ಲಿ 'ಆರ್', 'ಇನ್' ಜಾಗದಲ್ಲಿ 'ಆನ್'. ಪ್ಯಾರಲಲಿಸಂ ಬಂದರೂ ಮೂರು ಹವ್ಯಾಸಗಳ ಪಟ್ಟಿಯಲ್ಲಿ ಒಂದಕ್ಕೆ 'ಇಂಗ್' ಇಲ್ಲ ಎಂಬ ಮಟ್ಟದ್ದು. ತಪ್ಪಿನ ತುಂಡನ್ನು ತೋರಿಸಿದರೆ ಸಾಕು, ಸರಿಯಾದದ್ದು ಯಾವುದು ಎಂದು ಹೇಳಬೇಕಿಲ್ಲ. ಅರ್ಥದ ಪ್ರಶ್ನೆಯೇ ಏಳುವುದಿಲ್ಲ. ನಾಳೆ ಇದೇ ಅಭ್ಯರ್ಥಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಾಲದ ಷರತ್ತುಗಳನ್ನು ಗ್ರಾಹಕನಿಗೆ ಬಿಡಿಸಿ ಹೇಳಬೇಕು. 'ವಯಸ್ಸು 21 ತುಂಬಿರುವುದು, ಆದಾಯ ಪ್ರಮಾಣಪತ್ರ ಅಥವಾ ಜಮೀನಿನ ಪಹಣಿ ಮತ್ತು ಜಾಮೀನುದಾರರು ಇರತಕ್ಕದ್ದು' ಎಂಬಂಥ ಸಾಲು ನಮ್ಮ ಯಾವ ಪ್ರಕಟಣೆಯಲ್ಲಾದರೂ ಸಿಗುತ್ತದೆ. ಜಾಮೀನುದಾರರು ಎಲ್ಲರಿಗೂ ಬೇಕೇ, ಪಹಣಿ ಕೊಟ್ಟವರಿಗೆ ಮಾತ್ರ ಬೇಕೇ? ಬರೆದವರಿಗೆ ಗೊತ್ತಿದ್ದೀತು, ಸರದಿಯಲ್ಲಿ ನಿಂತವರು ಮಾತ್ರ ಎರಡು ಸಲ ಓಡಾಡುತ್ತಾರೆ. ವಿಷಯವನ್ನು ಇಂಥ ವಾಕ್ಯಗಳಿಂದ ಎತ್ತಿಕೊಂಡು, ಇಂಗ್ಲಿಷಿನಲ್ಲೋ ಕನ್ನಡದಲ್ಲೋ, 'ಯಾವುದರ ಜೊತೆ ಯಾವುದು' ಎಂದು ಕೇಳುವ ಪ್ರಶ್ನೆ ಮಾಡಬಹುದಿತ್ತು.

ವಾಕ್ಯ ತಿದ್ದಲು ಈಗ ಯಂತ್ರವಿದೆಯಲ್ಲ ಎಂಬ ಮಾತನ್ನೂ ಕೇಳುತ್ತೇವೆ. ಇದೆ. ಮೊಬೈಲಿನಲ್ಲೇ ಇದೆ, ಕ್ಷಣದಲ್ಲಿ ಸಮ ಮಾಡಿ ಕೊಡುತ್ತದೆ. ಆದರೆ ಮೇಲಿನ ಸಾಲನ್ನು ಅದಕ್ಕೆ ಕೊಟ್ಟರೆ ಅದು ಎರಡು ಅರ್ಥಗಳಲ್ಲಿ ಒಂದನ್ನು ತಾನೇ ಆರಿಸಿ ಚಂದವಾಗಿ ಬರೆದುಕೊಡಬಹುದು. ಯಾವುದನ್ನು ಆರಿಸಿತು ಎಂದು ಗಮನಿಸುವ ಕಣ್ಣು ಓದುವವನಿಗೇ ಇರಬೇಕು.

ಒಳ್ಳೆಯ ಪ್ರಶ್ನೆ ಅಗ್ಗವಲ್ಲ ಎಂಬುದನ್ನೂ ಒಪ್ಪಬೇಕು. ಜಿಮ್ಯಾಟ್ ತನ್ನ ಪ್ರಶ್ನೆಗಳನ್ನು ಮೊದಲು ಅಂಕವಿಲ್ಲದೆ ಅಭ್ಯರ್ಥಿಗಳ ಮೇಲೆಯೇ ಪ್ರಯೋಗಿಸಿ, ಜರಡಿ ಹಿಡಿದು ಬಳಸುತ್ತಿತ್ತು. ನಾಲ್ಕು ತಪ್ಪು ಆಯ್ಕೆಗಳೂ ನಂಬುವ ಹಾಗಿರಬೇಕು, ಪ್ರತಿಯೊಂದೂ ಬೇರೆ ಕಾರಣಕ್ಕೆ ತಪ್ಪಾಗಿರಬೇಕು. ಅಂಥ ಪ್ರಶ್ನೆಗಳು ಹಳೆಯ ಅಧಿಕೃತ ಗೈಡುಗಳಲ್ಲಿ ನೂರಾರು ಇವೆ. ಪರೀಕ್ಷೆಗೆ ಕೆಲಸಕ್ಕೆ ಬಾರದ ಪುಸ್ತಕಗಳಾದ್ದರಿಂದ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಚೌಕಾಸಿ ಮಾಡಿದರೆ ಅಗ್ಗಕ್ಕೇ ಸಿಗಬೇಕು. ಪದವಿ ಕಾಲೇಜಿನ ಇಂಗ್ಲಿಷ್ ಮೇಷ್ಟರು ಒಂದು ಪ್ರತಿ ತಂದಿಟ್ಟುಕೊಳ್ಳಲಿ. ನುಡಿಗಟ್ಟಿನ ಪ್ರಶ್ನೆಗಳನ್ನು ಬಿಟ್ಟುಬಿಡಲಿ. ಉಳಿದವುಗಳಲ್ಲಿ ಐದೂ ಆಯ್ಕೆಗಳನ್ನು ಮುಚ್ಚಿ, ಅಡಿಗೆರೆಯ ವಾಕ್ಯವನ್ನು ಮಾತ್ರ ಕಪ್ಪುಹಲಗೆಯ ಮೇಲೆ ಬರೆದು, ಇದರ ಅರ್ಥವನ್ನು ಕನ್ನಡದಲ್ಲಿ ಹೇಳಿ ಎಂದು ಕ್ಲಾಸಿಗೆ ಕೇಳಲಿ. ಎರಡು ಬಗೆಯ ಕನ್ನಡ ವಾಕ್ಯ ಬಂದರೆ ಎರಡನ್ನೂ ಬರೆದು, ಆಮೇಲೆ ಆಯ್ಕೆಗಳನ್ನು ತೆರೆಯಲಿ.